ಮೊಳೆಯಲ್ಲಿ ಉಳಿದ ಮಣೆ

ಕುಮಟಾ
೩ ಫೆಬ್ರುವರಿ ೨೦೨೫

ಪೂಜ್ಯ ವನಮಾಲಾ ಅಕ್ಕೋರಿಗೆ,

ಗೀತಾಂಜಲಿಯ ನಮಸ್ಕಾರಗಳು. ದೀಪಾವಳಿಯಿಂದ ನಿಮಗೆ ಫೋನ್ ಮಾಡಿ ಮಾಡಿ ಸಾಕಾಯಿತು. ಒಂದೋ ನೀವು ಎತ್ತುವುದಿಲ್ಲ, ಎತ್ತಿದರೆ "ಆತು, ಆತು, ಆಮೇಲೆ ಮಾತಾಡುವಾ" ಎಂದು ಇಟ್ಟುಬಿಡುತ್ತೀರಿ. ಅಷ್ಟು ಹೊತ್ತಿಗೆ ನಾನಿನ್ನೂ ಏನೂ ಹೇಳಿರುವುದೇ ಇಲ್ಲ. ನಮ್ಮ ಮೇಲೆ ಸಿಟ್ಟಿದ್ದರೆ ನೇರವಾಗಿ ಬೈದುಬಿಡಿ. ಶಾಲೆಯಲ್ಲಿ ನಿಮ್ಮ ಕೈಯಿಂದ ಪೆಟ್ಟು ತಿಂದವಳಿಗೆ ಬೈಗುಳ ಹೊಸದಲ್ಲ.

ಕಳೆದ ಮಳೆಗಾಲದ ಸಭೆ ಮುಗಿದ ಮರುದಿನವೇ ನೀವು "ನನ್ನ ಕೆಲಸ ಮುಗಿಯಿತು" ಎಂದು ಒಂದು ಸಾಲು ಬರೆದಿಟ್ಟು ಭಟ್ಕಳದ ಬಸ್ಸು ಹತ್ತಿದಿರಿ. ಅಂದಿನಿಂದ ಕಾರ್ಯದರ್ಶಿ ಎಂಬ ಹೆಸರು ಹೊತ್ತು ಈ ಹಪ್ಪಳದ ಸಂಘವನ್ನು ನಾನು ಹೇಗೆ ನಡೆಸುತ್ತಿದ್ದೇನೆಂದು ದೇವರಿಗೇ ಗೊತ್ತು. ಈಗ ಹಪ್ಪಳ ಒತ್ತುವ ಯಂತ್ರವೊಂದು ನಮಗೆ ಸಿಗುವಂತಿದೆ. ಆದರೆ ಕೊಡುವ ಸಂಸ್ಥೆಯವರದ್ದೊಂದು ಕರಾರು. ಮೊದಲು ಎಲ್ಲರೂ "ಬದಲಾವಣೆಯ ತರಬೇತಿ"ಗೆ ಕೂರಬೇಕಂತೆ. ಧಾರವಾಡದಿಂದ ಸ್ಮೃತಿ ಎಂಬವರು ಬರುತ್ತಾರೆ.

ನನಗೆ ಯಂತ್ರ ಬೇಕು. ಎಲ್ಲರ ಸೊಂಟ, ಮಂಡಿ ಹೋಗುತ್ತಿವೆ. ಕಡಲ ಬದಿಯ ಬಾಡ ಊರಿನಿಂದ ಬರುವ ಹೆಂಗಸರಿಗೆ ಬೇಡ. ಏಕೆ ಬೇಡ ಎಂದರೆ ಬಾಯಿ ಬಿಡುವುದಿಲ್ಲ. ಎಲ್ಲರಿಗಿಂತ ಹಳಬಳಾದ ದುರ್ಗಿ ಮುಖ ತಿರುಗಿಸಿಕೊಂಡು ಕೂರುತ್ತಾಳೆ. ಅವಳು ಎದ್ದರೆ ಬಾಡದವರೆಲ್ಲ ಎದ್ದರೆಂದೇ ಲೆಕ್ಕ. ಹಲಸಿನ ಸುಗ್ಗಿಗೆ ಮೊದಲು ಸಂಘ ಒಡೆದೇ ಹೋಗುತ್ತದೋ ಎಂದು ನನಗೆ ಅನ್ನ ಸೇರುತ್ತಿಲ್ಲ.

ಇನ್ನೊಂದು ಮಾತು. ಸಂಘಕ್ಕೆ ಸೇರುವವಳು ಮನೆಯಿಂದ ತಾನು ಕೂರುವ ಮಣೆ ತಂದು ಗೋಡೆಯ ಮೊಳೆಗೆ ತೂಗಬೇಕು, ಬಿಡುವವಳು ಅದನ್ನು ಇಳಿಸಿಕೊಂಡು ಹೋಗಬೇಕು. ಈ ಪದ್ಧತಿ ಮಾಡಿದವರು ನೀವೇ. ನಿಮ್ಮ ಮಣೆ ಇನ್ನೂ ಮೊಳೆಯಲ್ಲೇ ಇದೆ. ಅದರರ್ಥ ಏನೆಂದು ಎಲ್ಲರೂ ನನ್ನನ್ನು ಕೇಳುತ್ತಾರೆ. ಏನು ಹೇಳಲಿ?

ನಿಮ್ಮ
ಗೀತಾಂಜಲಿ ನಾಯ್ಕ


ಮುಟ್ಟಳ್ಳಿ, ಭಟ್ಕಳ
೯ ಫೆಬ್ರುವರಿ ೨೦೨೫

ಚಿ. ಗೀತಾಂಜಲಿಗೆ ಆಶೀರ್ವಾದ.

ಫೋನೆಂಬುದು ಮನುಷ್ಯರು ಮಾತಾಡುವ ಸಾಧನವಲ್ಲ. ಪತ್ರ ಬರೆ, ಉತ್ತರಿಸುತ್ತೇನೆ. ಸಿಟ್ಟು ಗಿಟ್ಟು ಏನೂ ಇಲ್ಲ.

ತರಬೇತಿಯ ಸುದ್ದಿ ಓದಿ ಮೈ ಉರಿಯಿತು. ಈ ಜನರನ್ನು ನಾನು ಇವತ್ತು ನೋಡುತ್ತಿಲ್ಲ. ಎಂಬತ್ತರ ದಶಕದಲ್ಲಿ ಹೊಗೆಯಿಲ್ಲದ ಒಲೆ ಕಲಿಸಲು ಒಬ್ಬ ಬಂದಿದ್ದ. ಅವನು ಕಟ್ಟಿಸಿದ ಒಲೆಯಲ್ಲಿ ಹೊಗೆ ಬರಲಿಲ್ಲ ನಿಜ, ಬೆಂಕಿಯೂ ಬರಲಿಲ್ಲ. ಸಂಘ ಶುರುವಾದ ವರ್ಷ ಇನ್ನೊಬ್ಬರು ಬಂದು ನಮ್ಮನ್ನೆಲ್ಲ ದುಂಡಗೆ ನಿಲ್ಲಿಸಿ, ಒಬ್ಬರಿಂದೊಬ್ಬರಿಗೆ ನೂಲಿನ ಉಂಡೆ ಎಸೆಯಲು ಹೇಳಿದರು. "ನೋಡಿ, ಇದೇ ಒಗ್ಗಟ್ಟು" ಎಂದು ಫೋಟೋ ತೆಗೆಸಿಕೊಂಡು ಜೀಪು ಹತ್ತಿದರು. ಆ ಸಿಕ್ಕು ಬಿಡಿಸಲು ನಮಗೆ ಒಂದು ಮಧ್ಯಾಹ್ನ ಬೇಕಾಯಿತು. ದುಡಿಯುವ ಹೆಂಗಸರಿಗೆ "ನೀವು ಬದಲಾಗಬೇಕು" ಎಂದು ಹೇಳಲು ಪ್ರತಿ ಹತ್ತು ವರ್ಷಕ್ಕೊಬ್ಬರು ಎಲ್ಲಿಂದಲೋ ಬರುತ್ತಾರೆ. ಕಳಿಸುವವರು ಬದಲಾದದ್ದನ್ನು ಮಾತ್ರ ನಾನು ಕಂಡಿಲ್ಲ. ಅವರ ಯಂತ್ರವೂ ನಮಗೆ ಬೇಡ.

ನಾನು ಆರಾಮಾಗಿದ್ದೇನೆ. ತಂಗಿಯ ಮಗಳು ಪ್ರಿಯಂವದೆ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಈ ಊರಿನದ್ದೊಂದೇ ಕಷ್ಟ, ಎಲ್ಲರೂ ಬಾಯೊಳಗೇ ಮಾತಾಡುತ್ತಾರೆ. ಬಸ್ಸಿನ ಕಂಡಕ್ಟರು ಟಿಕೆಟಿನ ದರವನ್ನು ಗುಟ್ಟಿನ ಹಾಗೆ ಹೇಳುತ್ತಾನೆ. ಮನೆಯ ರೇಡಿಯೋ ಕೆಟ್ಟಿದೆ. ರಿಪೇರಿಗೆ ಕೊಡು ಎಂದರೆ ಪ್ರಿಯಂವದೆ ನನ್ನ ಮುಖವನ್ನೇ ನೋಡುತ್ತಾಳೆ.

ದುರ್ಗಿಯನ್ನು ಕೇಳಿದೆನೆಂದು ಹೇಳು. ಅವಳಿಗೆ ಯಂತ್ರ ಬೇಡವಾದರೆ ಅದಕ್ಕೊಂದು ಕಾರಣ ಇರಲೇಬೇಕು.

ವನಮಾಲಾ ಹೆಗಡೆ


ಕುಮಟಾ
೨೦ ಫೆಬ್ರುವರಿ ೨೦೨೫

ಪೂಜ್ಯ ಅಕ್ಕೋರಿಗೆ,

ಮಣೆಯ ಬಗ್ಗೆ ನಾನು ಕೇಳಿದ್ದಕ್ಕೆ ನೀವು ಉತ್ತರ ಬರೆಯಲಿಲ್ಲ. ಇರಲಿ.

ಮೊದಲ ತರಬೇತಿ ಮುಗಿಯಿತು. ಸ್ಮೃತಿ ಮೇಡಂ ಸಣ್ಣ ವಯಸ್ಸಿನವರು. ಕಲಿತ ವಿದ್ಯೆಯ ಹೆಸರು ಗೆಸ್ಟಾಲ್ಟ್ ಎಂದರು. ಕಲ್ಯಾಣ ಮಂಟಪದಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿ ಎಲ್ಲರನ್ನೂ ದುಂಡಗೆ ಕೂರಿಸಿದರು. "ನಾನು ಯಾರನ್ನೂ ಬದಲಿಸಲು ಬಂದಿಲ್ಲ. ಈಗ, ಇಲ್ಲಿ ನಿಮ್ಮೊಳಗೆ ಏನಾಗ್ತಾ ಇದೆ, ಅದನ್ನಷ್ಟೇ ಹೇಳಿ" ಎಂದರು.

ಮಿರ್ಜಾನದ ಲಕ್ಕಿ "ಹಸಿವೆ ಆಗ್ತಾ ಉಂಟು" ಎಂದಳು. ಎಲ್ಲರೂ ನಕ್ಕರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೈ ಮಡಿಲಲ್ಲಿಟ್ಟು ಕೂತದ್ದೇ ಕೂತದ್ದು. "ಮದ್ವೆ ಮನೇಲಿ ಎರಡನೇ ಪಂಕ್ತಿಗೆ ಕಾದ ಹಂಗಾತಲ್ಲೇ" ಎಂದು ಲಕ್ಕಿ ನನ್ನ ಕಿವಿಯಲ್ಲಿ ಹೇಳಿದಳು. ದುರ್ಗಿ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು. ನನಗೆ ಅವಮಾನವಾಯಿತು. ಮೇಡಂ ಧಾರವಾಡಕ್ಕೆ ಹೋಗಿ ಏನು ವರದಿ ಬರೆಯುತ್ತಾರೋ!

ಚಹಾ ಆದ ಮೇಲೆ ಹಿಟ್ಟು ಒಣಗುತ್ತದೆಂದು ನಾವು ಮಣೆ ಹಾಕಿಕೊಂಡು ಕೆಲಸಕ್ಕೆ ಕೂತೆವು. ಕೈಗೆ ಲಟ್ಟಣಿಗೆ ಬಂದದ್ದೇ ತಡ, ಎಲ್ಲರ ಬಾಯಿ ಬಿಚ್ಚಿತು. ಯಾರ ಸೊಸೆ, ಯಾರ ಮಂಡಿ, ಯಂತ್ರ ಬಂದರೆ ಯಾರಿಗೆ ಕೆಲಸ ಉಳಿಯುತ್ತದೆ, ಎಲ್ಲವನ್ನೂ ಹಪ್ಪಳದ ಕಡೆ ನೋಡುತ್ತಲೇ ಹೇಳಿಕೊಂಡರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸ್ಮೃತಿ ಮೇಡಂ ತಾವೇ ಕುರ್ಚಿ ಪೇರಿಸಿಟ್ಟು "ತಪ್ಪು ನನ್ನದು, ಮುಂದಿನ ಸಲ ಕುರ್ಚಿ ಬೇಡ" ಎಂದರು.

ದುರ್ಗಿಗೆ ನಿಮ್ಮ ಮಾತು ತಿಳಿಸಿದೆ. ಹಿಟ್ಟಿನ ಉಂಡೆ ಎತ್ತಿಕೊಂಡು ಮತ್ತೆ ಲಟ್ಟಿಸತೊಡಗಿದಳು. ಈಚೆಗೆ ಅವಳ ಹಪ್ಪಳದ ಅಂಚು ಹರಿದಿರುತ್ತದೆ. ಲಕ್ಕಿ ಸದ್ದಿಲ್ಲದೆ ಎತ್ತಿಕೊಂಡು ಮತ್ತೆ ಲಟ್ಟಿಸುತ್ತಾಳೆ. ನನ್ನ ಮೇಲಿನ ಸಿಟ್ಟನ್ನು ಹಿಟ್ಟಿನ ಮೇಲೆ ತೀರಿಸುತ್ತಿದ್ದಾಳೆ ಎಂದುಕೊಂಡಿದ್ದೇನೆ.

ಗೀತಾಂಜಲಿ


ಮುಟ್ಟಳ್ಳಿ
೨೬ ಫೆಬ್ರುವರಿ ೨೦೨೫

ಚಿ. ಗೀತಾ,

ತಪ್ಪು ತನ್ನದೆಂದು ಒಪ್ಪಿಕೊಂಡ ತರಬೇತುದಾರಳನ್ನು ನನ್ನ ಜೀವಮಾನದಲ್ಲಿ ಮೊದಲ ಸಲ ಕೇಳುತ್ತಿದ್ದೇನೆ. ಅಷ್ಟು ಮರ್ಯಾದೆ ಅವಳಿಗಿರಲಿ.

ಗೆಸ್ಟಾಲ್ಟ್ ಜರ್ಮನ್ ಮಾತು. ಬಿ.ಎಡ್.ನಲ್ಲಿ ನಮಗೆ ಆ ಪಾಠವಿತ್ತು. ಒಂದು ಕಪ್ಪುಬಿಳುಪು ಚಿತ್ರ ತೋರಿಸಿದ್ದರು. ಒಮ್ಮೆ ಎದುರುಬದುರಾದ ಎರಡು ಮುಖ ಕಾಣುತ್ತದೆ, ಇನ್ನೊಮ್ಮೆ ನಡುವೆ ಒಂದು ಹೂದಾನಿ. ಎರಡೂ ಒಟ್ಟಿಗೆ ಕಾಣುವುದಿಲ್ಲ. ಒಂದು ಮುಂದೆ ಬಂದರೆ ಇನ್ನೊಂದು ಹಿಂದೆ ಸರಿಯುತ್ತದೆ. ಮನಸ್ಸು ಯಾವುದನ್ನು ಮುಂದೆ ತಂದುಕೊಳ್ಳುತ್ತದೋ ಅದನ್ನೇ ಲೋಕವೆಂದು ತಿಳಿಯುತ್ತದೆ ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಅದರಲ್ಲಿ ಸತ್ಯವಿದೆ. ನಿನಗೆ ಯಂತ್ರವೊಂದೇ ಮುಂದೆ ಕಾಣುತ್ತಿದೆ, ಗೀತಾ. ದುರ್ಗಿ ಅಂಗೈ ನೋಡಿಕೊಂಡದ್ದನ್ನು ಬರೆದೆ, ಆದರೆ ಏಕೆಂದು ಕೇಳಿದೆಯೋ? ಅವಳ ಹಪ್ಪಳದ ಅಂಚು ಹರಿದದ್ದನ್ನು ನಾನು ಎಂದೂ ಕಂಡಿಲ್ಲ. ಸಿಟ್ಟು ಬಂದರೆ ಅವಳು ಇನ್ನೂ ತೆಳ್ಳಗೆ ಲಟ್ಟಿಸುತ್ತಿದ್ದಳು.

ಮಣೆಯ ವಿಷಯ ಆಮೇಲೆ ಬರೆಯುತ್ತೇನೆ. ಇಲ್ಲಿ ದೇವಸ್ಥಾನದ ಹೊಸ ಭಟ್ಟರು ಮಂತ್ರವನ್ನೂ ತುಟಿಯೊಳಗೇ ಹೇಳುತ್ತಾರೆ. ಹೇಳಿದರೋ ಇಲ್ಲವೋ ಯಾರು ಕಂಡರು?

ವನಮಾಲಾ


ಕುಮಟಾ
೧೦ ಮಾರ್ಚ್ ೨೦೨೫

ಪೂಜ್ಯ ಅಕ್ಕೋರಿಗೆ,

ದುರ್ಗಿಯ ಹತ್ತಿರ ಕೇಳಿದೆ. "ಕೈಗೆಂತ ಆಗಿದ್ದು? ಎಂತದೂ ಇಲ್ಲ" ಎಂದು ಸೆರಗಿನೊಳಗೆ ಇಟ್ಟುಕೊಂಡಳು.

ಎರಡನೇ ತರಬೇತಿಯೂ ಆಯಿತು. ಈ ಸಲ ಎಲ್ಲರೂ ಮಣೆ ಹಾಕಿ ಹಿಟ್ಟು ಕೈಯಲ್ಲಿಟ್ಟುಕೊಂಡೇ ಕೂತಿದ್ದೆವು. ಮುಗಿಯದೆ ಉಳಿದ ಮಾತು ಮನುಷ್ಯನನ್ನು ಮುಂದೆ ಹೋಗಲು ಬಿಡುವುದಿಲ್ಲ, ಯಂತ್ರ ಬೇಕೋ ಬೇಡವೋ ಎನ್ನುವುದಕ್ಕೆ ಮೊದಲು ಆ ಮಾತು ಹೊರಬರಲಿ ಎಂದು ಸ್ಮೃತಿ ಮೇಡಂ ಹೇಳಿದರು. ಅದಕ್ಕೊಂದು ಉಪಾಯವಿದೆಯಂತೆ. ಎದುರಿಗೆ ಖಾಲಿ ಆಸನವಿಟ್ಟು, ಯಾರಿಗೆ ಹೇಳಬೇಕಿತ್ತೋ ಅವರು ಅಲ್ಲಿ ಕೂತಿದ್ದಾರೆಂದು ತಿಳಿದು ಮಾತಾಡುವುದು. ಹಾಗೆನ್ನುತ್ತ ಗೋಡೆಯಲ್ಲಿ ಉಳಿದಿದ್ದ ಒಂದು ಖಾಲಿ ಮಣೆಯನ್ನು ಇಳಿಸಿ ನಡುವೆ ಇಟ್ಟರು.

ಎಲ್ಲರೂ ನನ್ನ ಕಡೆ ತಿರುಗಿದರು. ಪಾಪ, ಅವರಿಗೇನು ಗೊತ್ತು? ಲಕ್ಕಿಯೇ ಮೊದಲು ಶುರುಮಾಡಿದಳು. "ನಿಮ್ಮ ಹೆದ್ರಿಕೆಗೆ ನಾ ಇಷ್ಟು ವರ್ಷ ಸಪ್ಪೆ ಚಾ ಕುಡ್ದೆ. ಈಗ ಎರಡು ಚಮಚ ಸಕ್ರೆ ಹಾಕ್ತೆ, ಎಂತ ಮಾಡ್ತ್ರಿ?" ಎಂದಳು. ನಗುತ್ತ ಶುರುಮಾಡಿದವಳು ಕಣ್ಣು ಒರೆಸಿಕೊಂಡಳು. ಮತ್ತೆ ಒಬ್ಬೊಬ್ಬರಾಗಿ ಎಷ್ಟೋ ಜನ ಮಾತಾಡಿದರು.

ದುರ್ಗಿ ಮಾತ್ರ "ನಾ ಅದರ ಸಂಗ್ತಿಗೆ ಮಾತಾಡುದಿಲ್ಲ. ಆವತ್ತು ಕೇಳದ್ದು ಇವತ್ತು ಕೇಳ್ತದಾ?" ಎಂದು ಬೆನ್ನು ತಿರುಗಿಸಿ ಕೂತಳು. ಬಾಡದವರೆಲ್ಲ ಅವಳ ಮುಖವನ್ನೇ ನೋಡಿದರು. ಏಪ್ರಿಲ್ ೧೩ಕ್ಕೆ ಸರ್ವಸದಸ್ಯರ ಸಭೆ ಕರೆದಿದ್ದೇನೆ. ಅಂದೇ ಯಂತ್ರದ ತೀರ್ಮಾನ. ಅಂದೇ ಅವರು ಮಣೆ ಇಳಿಸಿಕೊಂಡು ಹೋಗುತ್ತಾರೆಂದು ಸುದ್ದಿ. ನಾನೇನು ಮಾಡಲಿ?

ಗೀತಾಂಜಲಿ


ಮುಟ್ಟಳ್ಳಿ
೧೫ ಮಾರ್ಚ್ ೨೦೨೫

ಚಿ. ಗೀತಾ,

ಹಲಗೆಯೊಂದಿಗೆ ಮಾತು! ನಮ್ಮ ಮೇಷ್ಟ್ರು ಇದ್ದಿದ್ದರೆ ಚಿತ್ರವನ್ನು ಹರಿದು ಒಲೆಗೆ ಹಾಕುತ್ತಿದ್ದರು. ಎದುರಿಗಿರುವ ಮನುಷ್ಯರ ಮಾತನ್ನೇ ಯಾರೂ ಕೇಳದ ಕಾಲದಲ್ಲಿ ಇಲ್ಲದವರ ಮುಂದೆ ಅಹವಾಲು ಹೇಳಿಸುವುದು ಎಂಥ ವಿದ್ಯೆ? ಆ ಹೆಂಗಸರು ಯಾರ ಯಾರ ಮನೆಯ ಸತ್ತ ಅತ್ತೆಯರನ್ನು ಅಲ್ಲಿ ಕೂರಿಸಿಕೊಂಡರೋ! ಇಂಥದ್ದಕ್ಕೆ ನಾನಿದ್ದಾಗ ಎಡೆಯಿರಲಿಲ್ಲ. ಸಭೆ ಎಂದರೆ ವಿಷಯ, ಚರ್ಚೆ, ಠರಾವು. ಮುಗಿಯಿತು.

ಸಭೆಯಲ್ಲಿ ದುರ್ಗಿಗೇ ಮೊದಲು ಮಾತಾಡಲು ಬಿಡು. ಅವಳು ಎಂದೂ ಎದ್ದು ಮಾತಾಡಿದವಳಲ್ಲ, ಒತ್ತಾಯ ಮಾಡಬೇಕು.

ಇಷ್ಟು ಬರೆದು ನಿನ್ನ ಪತ್ರ ಮತ್ತೊಮ್ಮೆ ಓದಿದೆ. ಎಲ್ಲರೂ ತಮ್ಮ ತಮ್ಮ ಮಣೆಯ ಮೇಲೆ ಕೂತಿದ್ದರು. ಹಾಗಾದರೆ ಗೋಡೆಯಲ್ಲಿ ಖಾಲಿ ಉಳಿದದ್ದು ಯಾರದು? ಲಕ್ಕಿ ಚಹಾಕ್ಕೆ ಸಕ್ಕರೆ ಸುರಿಯುವುದನ್ನು ತಡೆಯುತ್ತಿದ್ದವಳು ನಾನೊಬ್ಬಳೇ.

ಯಾರ ಮಣೆ ಅದು, ಗೀತಾ? ದುರ್ಗಿ ಯಾರ ಕಡೆಗೆ ಬೆನ್ನು ತಿರುಗಿಸಿದಳು?

ವನಮಾಲಾ


ಮುಟ್ಟಳ್ಳಿ
೨ ಏಪ್ರಿಲ್ ೨೦೨೫

ಗೀತಾ,

ನಿನ್ನಿಂದ ಉತ್ತರವಿಲ್ಲ. ಅಂಚೆಯವನು ಗೇಟಿಗೆ ಬಂದನೋ ಎಂದು ದಿನವೂ ಕಿಟಕಿಯಲ್ಲೇ ಕೂರುತ್ತೇನೆ. ಅವನ ಸೈಕಲ್ ಗಂಟೆಯನ್ನು ನಂಬಿ ಒಳಗೆ ಕೂರುವ ಹಾಗಿಲ್ಲ. "ದೊಡ್ಡಾಯಿ, ಆನು ನೋಡ್ತೆ, ನೀ ಊಟ ಮಾಡು" ಎಂದು ಪ್ರಿಯಂವದೆ ಹೇಳುತ್ತಾಳೆ. ಈಚೆಗೆ ಅವಳು ಎದುರಿಗೆ ಬಂದು ನಿಂತೇ ಮಾತಾಡುತ್ತಾಳೆ.

ಹೇಳಬಾರದೆಂದಿದ್ದೆ, ಹೇಳುತ್ತೇನೆ. ನಾನು ಬಿಟ್ಟುಬಂದದ್ದು ಮಳೆಗಾಲದ ಆ ಸಭೆಯಲ್ಲಿ ಎದ್ದ ನಗುವಿನಿಂದ. ನಾನು ಠರಾವು ಓದಿ ತಲೆಯೆತ್ತಿದರೆ ಹಿಂದಿನ ಸಾಲಿನಲ್ಲಿ ನಗುತ್ತಿದ್ದರು. ಏಕೆಂದು ತಿಳಿಯಲಿಲ್ಲ. ಯಾರನ್ನೂ ಕೇಳಲಿಲ್ಲ. ಇಷ್ಟು ವರ್ಷ ಕಟ್ಟಿದ ಸಂಘದಲ್ಲಿ ನಗೆಪಾಟಲಾಗಿ ಉಳಿಯುವುದು ಬೇಡವೆಂದು ಬಂದೆ. ಅವರೆಲ್ಲ ಆ ಮಣೆಗೆ ಏನು ಹೇಳಿದರು? ಒಳ್ಳೆಯದಿರಲಿ ಕೆಟ್ಟದಿರಲಿ, ಬರೆ.

ವನಮಾಲಾ


ಕುಮಟಾ
೫ ಏಪ್ರಿಲ್ ೨೦೨೫

ಪೂಜ್ಯ ಅಕ್ಕೋರಿಗೆ,

ಅದು ನಿಮ್ಮದೇ ಮಣೆ. ಬರೆಯಲು ಧೈರ್ಯ ಬರಲಿಲ್ಲ. ನಿಮಗೆ ನೋವಾಗಿ ಆಳು ಕಳಿಸಿ ಅದನ್ನು ತರಿಸಿಕೊಂಡರೆ ಏನು ಗತಿ ಎಂಬ ಹೆದರಿಕೆ.

ಮೊನ್ನೆ ಮೂರನೇ ತರಬೇತಿ. ಸ್ಮೃತಿ ಮೇಡಂಗೆ ಈಗ ಎಲ್ಲ ಗೊತ್ತಾಗಿದೆ. ಬಹಳ ನೊಂದುಕೊಂಡು "ಆ ಮಣೆ ತೆಗೆದಿಡಲಾ?" ಎಂದು ಕೇಳಿದರು. ದುರ್ಗಿಯೇ "ಬ್ಯಾಡ, ಇರ್ಲಿ" ಎಂದಳು. ಹಲಸಿನ ಹಿಟ್ಟು ನಾದುತ್ತ, ತಲೆ ಎತ್ತದೆ ಮಾತಾಡಿದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಅಕ್ಕೋರೆ, ನಂಗೆ ಕೈ ಜೋಮು ಹಿಡ್ದು ವರ್ಷ ಆತು. ಬೆರಳಲ್ಲಿ ಲಟ್ಟಣಿಗೆ ಉಂಟೋ ಇಲ್ವೋ ಗೊತ್ತಾಗುದಿಲ್ಲ. ಆವತ್ತಿನ ಸಭೆಲಿ ಅದನ್ನೇ ಹೇಳುಕೆ ಎದ್ದೆ. ಜಲ್ಮದಲ್ಲಿ ಮೊದ್ಲ ಸಲ ಎದ್ದೆ. ಅಕ್ಕೋರೆ, ನಂಗೆ ಬೇರೆ ಕೆಲ್ಸ ಕೊಡಿ, ಹೊರಗೆ ಹಾಕ್ಬ್ಯಾಡಿ ಅಂದೆ. ನೀವು ನನ್ನ ಮುಖ ನೋಡಿ 'ಆತು, ಮುಂದಿನ ವಿಷಯ' ಅಂದ್ರಿ. ಎಲ್ಲರೂ ನಕ್ರು. ನೀವು ಮರುದಿನ ಹೋದ್ರಿ. ನಾ ಯಾರಿಗೆ ಹೇಳ್ಲಿ?"

ಯಂತ್ರ ಬಂದರೆ ಮೊದಲು ಹೊರಬೀಳುವವಳು ತಾನೇ ಎಂದು ಅವಳ ಹೆದರಿಕೆ. ಬಾಡದವರಿಗೆ ಇದು ಗೊತ್ತಿತ್ತು. ಲಕ್ಕಿಗೂ ಗೊತ್ತಿತ್ತು. ದಿನವೂ ಪಕ್ಕದಲ್ಲೇ ಕೂರುವ ನನಗೆ ಗೊತ್ತಿರಲಿಲ್ಲ. ನೀವು ಯಂತ್ರ ಬೇಡವೆಂದಿರಿ, ನಾನು ಬೇಕೆಂದೆ. ಇಬ್ಬರೂ ಅವಳ ಕೈ ನೋಡಲಿಲ್ಲ.

ಅಕ್ಕೋರೆ, ನೀವು ಅವಳ ಮಾತು ಕೇಳಿಯೂ ಹಾಗೆ ಮಾಡಿದಿರೇ? ನನಗೆ ನಂಬಲಾಗುತ್ತಿಲ್ಲ.

ಈಗ ಇನ್ನೊಂದು ಗಾಬರಿ. ಇವತ್ತು ಬಾಗಿಲು ತೆರೆದರೆ ನಿಮ್ಮ ಮಣೆ ಮೊಳೆಯಲ್ಲಿಲ್ಲ. ನಿನ್ನೆ ಸಂಜೆ ಹೋಗುವಾಗ ದುರ್ಗಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದದ್ದನ್ನು ಪಕ್ಕದ ಅಂಗಡಿಯವರು ನೋಡಿದ್ದಾರೆ. ತನ್ನದನ್ನು ಇಲ್ಲೇ ಬಿಟ್ಟಿದ್ದಾಳೆ. ಇನ್ನೊಬ್ಬರ ಮಣೆ ಇಳಿಸಿದವರು ಈ ಸಂಘದಲ್ಲಿ ಇದುವರೆಗೆ ಯಾರೂ ಇಲ್ಲ. ಬಾಡದವರು ಒಬ್ಬರೂ ಕೆಲಸಕ್ಕೆ ಬಂದಿಲ್ಲ. "ಒಲೆಗೆ ಹಾಕಿರ್ಲಿಕ್ಕಿಲ್ಲ ಬಿಡೇ, ಹಲಸಿನ ಮರದ್ದು, ಸಲೀಸಾಗಿ ಬೆಂಕಿ ಹಿಡೂದಿಲ್ಲ" ಎಂದು ಲಕ್ಕಿ ಸಮಾಧಾನ ಹೇಳುತ್ತಾಳೆ. ಸಮಾಧಾನ ಹೇಳುವ ರೀತಿಯೇ ಇದು? ಸಮುದ್ರಕ್ಕೆ ಎಸೆದಳೋ ಏನೋ. ಕುದಿಸಿಟ್ಟ ಹಲಸಿನ ಸೊಳೆ ಹಾಗೇ ಉಳಿದಿದೆ.

ಗೀತಾಂಜಲಿ


ಮುಟ್ಟಳ್ಳಿ
೭ ಏಪ್ರಿಲ್ ೨೦೨೫

ಚಿ. ಗೀತಾಂಜಲಿಗೆ,

ನಿನ್ನ ಪತ್ರ ಮಧ್ಯಾಹ್ನದ ಅಂಚೆಗೆ ಬಂತು. ಅದಕ್ಕೆ ಮೊದಲೇ ದುರ್ಗಿ ಬಂದಿದ್ದಳು.

ಹೊನ್ನಾವರದಲ್ಲಿ ಬಸ್ಸು ಬದಲಿಸಿ, ಮುಟ್ಟಳ್ಳಿಯಲ್ಲಿ ಮನೆ ವಿಚಾರಿಸಿಕೊಂಡು ಬಂದು ಗೇಟಿನಲ್ಲಿ ನಿಂತಿದ್ದಳು. ನಾನು ಮೊದಲು ಕಂಡದ್ದು ಅವಳನ್ನಲ್ಲ, ಅವಳ ಕಂಕುಳಲ್ಲಿದ್ದ ನನ್ನ ಮಣೆಯನ್ನು. ನೀವೆಲ್ಲ ಸೇರಿ ನನ್ನನ್ನು ಬಿಡಿಸಿಬಿಟ್ಟಿರಿ, ಅದನ್ನು ಹೇಳಲು ಇವಳನ್ನು ಕಳಿಸಿದಿರಿ ಎಂದುಕೊಂಡೆ. ಮಣೆಯನ್ನು ಜಗುಲಿಯ ಮೇಲಿಟ್ಟು ಅವಳು ಮಾತಾಡತೊಡಗಿದಳು, ಎಂದಿನಂತೆ ನೆಲ ನೋಡುತ್ತ. ತುಟಿ ಅಲುಗಿದ್ದು ಕಂಡಿತು. ನಾನು "ಆತು, ಆತು" ಎಂದೆ. ಅವಳ ಮುಖ ಸಣ್ಣದಾಯಿತು. ಮಣೆಯನ್ನು ಅಲ್ಲೇ ಬಿಟ್ಟು, ತಿರುಗಿ ಮೆಟ್ಟಿಲಿಳಿದಳು.

ಆ ಬೆನ್ನು ನೋಡಿದಾಗ ನಿನ್ನ ಹಿಂದಿನ ಪತ್ರ ನೆನಪಾಯಿತು. ಆವತ್ತು ಕೇಳದ್ದು ಇವತ್ತು ಕೇಳುತ್ತದೆಯೇ ಎಂದಿದ್ದಳಲ್ಲ. ಗೇಟಿನವರೆಗೆ ಓಡಿದೆ. ಈ ವಯಸ್ಸಿನಲ್ಲಿ ಓಡಿದೆ.

"ದುರ್ಗೀ, ನಿಲ್ಲೇ. ನೀ ಹೇಳಿದ್ದು ನನಗೆ ಒಂದಕ್ಷರ ಕೇಳಲಿಲ್ಲ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಅರ್ಧ ಇದೆ. ಈ ಬದಿಗೆ ಬಂದು ಗಟ್ಟಿಯಾಗಿ ಹೇಳು."

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಗೀತಾ. ಪ್ರಿಯಂವದೆಗೆ ಗೊತ್ತಾಗಿತ್ತು, ನನಗೆ ನೋವಾದೀತೆಂದು ಸುಮ್ಮನಿದ್ದಳು. ರೇಡಿಯೋ ಕೆಟ್ಟಿರಲಿಲ್ಲ. ಕಂಡಕ್ಟರು, ಭಟ್ಟರು ಯಾರೂ ಪಿಸುಗುಟ್ಟುತ್ತಿರಲಿಲ್ಲ. ಸಭೆಗಳಲ್ಲಿ ಎಲ್ಲರ ಮೇಲೆ ಮಾತಾಡುತ್ತಿದ್ದದ್ದು ಯಾರಾದರೂ ಏನಾದರೂ ಕೇಳಿಬಿಟ್ಟರೆ ಎಂಬ ಅಂಜಿಕೆಯಿಂದ.

ದುರ್ಗಿ ಬಾಯಿ ತೆರೆದು ನಿಂತೇಬಿಟ್ಟಳು. ಆಮೇಲೆ ನನ್ನ ಬಲಕ್ಕೆ ಬಂದು, ಬಾಡದ ದಂಡೆಯಲ್ಲಿ ದೋಣಿಯನ್ನು ಕೂಗಿ ಕರೆದ ಹಾಗೆ ಕೂಗಿದಳು. "ಹಂಗಾರೆ ಆವತ್ತೂ ಕೇಳ್ಲಿಲ್ವಾ?"

"ಯಾವತ್ತು?"

ಹೇಳಿದಳು. ನಿನಗೆ ಹೇಳಿದ್ದೆಲ್ಲವನ್ನೂ ಕೇರಿಗೆಲ್ಲ ಕೇಳುವ ಹಾಗೆ ಹೇಳಿದಳು. ಮಣೆ ಉತ್ತರ ಕೊಡಲಿಲ್ಲವೆಂದು ಅದನ್ನು ಅದರ ಯಜಮಾನಿಯ ಹತ್ತಿರಕ್ಕೇ ಹೊತ್ತು ತಂದಳಂತೆ. ಪಕ್ಕದ ಮನೆಯವರು ಜಗಳವೆಂದು ಹೊರಬಂದರು. ನಡುವೆ ನಾನೊಂದೇ ಕೇಳಿದೆ, "ನಕ್ಕದ್ದು ಯಾರು?"

"ಲಕ್ಕಿ. ನಾ ಮಾತಾಡ್ದದ್ದಕ್ಕೆ ನಕ್ಲು ಅಂದ್ಕಂಡೆ. ಮೊನ್ನೆ ಕೇಳ್ದೆ. ಅಂಗಳದಲ್ಲಿ ಕಾಗೆ ಹಪ್ಪಳ ಕಚ್ಕಂಡು ಹೋತಂತೆ. ಅವಳು ನಕ್ಕಿದ್ದಕ್ಕೆ ಉಳ್ದವ್ರೂ ನಕ್ರಂತೆ."

ಒಂದು ಕಾಗೆಗೆ ಬಿದ್ದ ನಗುವನ್ನು ಅವಳು ಬಾಡಕ್ಕೆ ಹೊತ್ತುಕೊಂಡು ಹೋದಳು, ನಾನು ಭಟ್ಕಳಕ್ಕೆ. ನಿನಗೆ ಹೂದಾನಿ ಮತ್ತು ಮುಖದ ಪಾಠ ಹೇಳಿದ್ದೆನಲ್ಲ. ನನಗೆ ಆ ನಗು ಮಾತ್ರ ಕಂಡಿತ್ತು. ಅದರ ಮುಂದೆಯೇ ಎದ್ದು ನಿಂತಿದ್ದ ದುರ್ಗಿ ಕಣ್ಣೆದುರಿದ್ದೂ ಮನಸ್ಸಿಗೆ ಬಂದಿರಲಿಲ್ಲ.

ಜಗುಲಿಯಲ್ಲಿ ಕೂರಿಸಿ ಅವಳ ಕೈ ಹಿಡಿದೆ. ಹಿಡಿದದ್ದು ಅವಳಿಗೆ ತಿಳಿಯಲಿಲ್ಲ. ನೋಡಿದ ಮೇಲೆ ತಿಳಿಯಿತು.

ಹೊನ್ನಾವರದ ಡಾಕ್ಟರಿಗೆ ಕಿವಿ ತೋರಿಸಲು ಪ್ರಿಯಂವದೆ ನಾಳೆಗೆ ಗೊತ್ತುಮಾಡಿದ್ದಾಳೆ. ಅವರು ಯಂತ್ರ ಹಾಕಿಕೊಳ್ಳಿ ಎಂದೇ ಹೇಳುವುದು. ಯಂತ್ರವೇ ಬೇಡವೆಂದು ಹಟ ಹಿಡಿದವಳಿಗೆ ಇದೂ ಆಗಬೇಕಾದದ್ದೇ. ದುರ್ಗಿಯ ಕೈಯನ್ನೂ ಅಲ್ಲೇ ತೋರಿಸಬೇಕು. ಅವಳನ್ನು ಒಪ್ಪಿಸುವುದು ನಿನ್ನ ಕೆಲಸ.

ಸಂಘದ ಯಂತ್ರದ ಬಗ್ಗೆ ನನ್ನಲ್ಲಿ ಠರಾವು ಇಲ್ಲ. ನಿನ್ನ ಸ್ಮೃತಿಯ ಮಾತು ಪೂರ್ತಿ ಒಪ್ಪಿದೆನೆಂದೂ ತಿಳಿಯಬೇಡ. ಹಲಗೆಯ ಹತ್ತಿರ ಮಾತಾಡಿದ್ದು ಸಾಕಾಗಿದ್ದರೆ ದುರ್ಗಿ ಎರಡು ಬಸ್ಸು ಹತ್ತಿ ಇಲ್ಲಿಗೆ ಬರುತ್ತಿರಲಿಲ್ಲ. ಆದರೆ ಅಲ್ಲಿ ಮಾತಾಡದಿದ್ದರೂ ಬರುತ್ತಿರಲಿಲ್ಲ. "ಐತ್ವಾರ ಸಭೆಲಿ ಎದ್ದು ಹೇಳ್ತೆ. ಹೇಳಿ ಆದ್ಮೇಲೆ ನನ್ನ ಮಣೆ ತೆಗುದಾ ಇಡುದಾ ನೋಡ್ತೆ" ಎಂದಿದ್ದಾಳೆ. ಏನು ತೀರ್ಮಾನವಾಗುತ್ತದೋ ನನಗೂ ಹೆದರಿಕೆಯಿದೆ. ಅದರ ಮುಂದೆ ಓಡಿಹೋಗುವುದನ್ನು ಮಾತ್ರ ಈ ಸಲ ಮಾಡುವುದಿಲ್ಲ.

ಹೊರಡುವಾಗ ಮಣೆಯ ಕಡೆ ನೋಡಿ "ಎಂತ ಮಾಡುದು ಇದನ್ನ?" ಎಂದು ಕೇಳಿದಳು. ಇಲ್ಲಿಟ್ಟರೆ ನಾನು ಬಿಟ್ಟ ಹಾಗೆ. ಅವಳೇ ಮತ್ತೆ ಕಂಕುಳಲ್ಲಿಟ್ಟುಕೊಂಡಳು. ಈ ಪತ್ರ ನಿನ್ನ ಕೈಸೇರುವ ಹೊತ್ತಿಗೆ ಅದು ಮತ್ತೆ ಮೊಳೆಯಲ್ಲಿ ಇರುತ್ತದೆ, ಗಾಬರಿಯಾಗಬೇಡ.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ನನ್ನ ಮಣೆಯನ್ನು ಮೊದಲಿನಂತೆ ಎಲ್ಲರೆದುರು ಗಡಿಯಾರದ ಕೆಳಗೆ ಹಾಕಬೇಡ. ದುರ್ಗಿಯ ಎಡಗಡೆಗೆ ಹಾಕು. ಅಲ್ಲಿ ಕೂತರೆ ಅವಳು ನನ್ನ ಬಲಕ್ಕೆ ಬರುತ್ತಾಳೆ.

ವನಮಾಲಾ